ಫ್ರಾನ್ಸ್ ಪ್ರವಾಸ: ಮೊದಲು ವಂದನೆ, ನಂತರ ಮಾತು

ಪ್ಯಾರಿಸ್‌ನ ಬೇಕರಿಯೊಂದನ್ನು ಹೊಕ್ಕ ಪ್ರವಾಸಿಗರು ನೇರವಾಗಿ ಬೆಲೆ ಕೇಳುತ್ತಾರೆ. ಅಂಗಡಿಯಾಕೆಯ ಮುಖ ಬಿಗಿಯುತ್ತದೆ. ಫ್ರೆಂಚರು ಒರಟರೆಂಬ ದೂರು ಹಲವು ವೇಳೆ ಹುಟ್ಟುವುದು ಹೀಗೆ. ಆದರೆ ಆಕೆಯ ದೃಷ್ಟಿಯಲ್ಲಿ ಒರಟುತನ ತೋರಿದವರು ಪ್ರವಾಸಿಗರೇ. ವಂದಿಸದೆ ಮಾತು ಆರಂಭಿಸುವುದು ಅಲ್ಲಿ ಅಸಭ್ಯತೆ.

ಅಂಗಡಿ, ಹೋಟೆಲ್, ಬಸ್ಸು ಎಲ್ಲಿಯೇ ಆಗಲಿ, ಮೊದಲ ಮಾತು 'ಬೊಂಜೂರ್', ಅಂದರೆ ಶುಭದಿನ. ಸಂಜೆಯಾದರೆ 'ಬೊಂಸ್ವಾರ್'. ಜತೆಗೆ ಪುರುಷರಿಗೆ 'ಮಸ್ಯೋ', ಮಹಿಳೆಯರಿಗೆ 'ಮದಾಮ್' ಎಂದು ಸೇರಿಸುವುದು ಗೌರವಸೂಚಕ. ಅವಿವಾಹಿತೆಯರನ್ನು ಸೂಚಿಸುವ 'ಮದ್‌ಮ್ವಾಜೆಲ್' ಪದವನ್ನು ಸರ್ಕಾರಿ ಅರ್ಜಿ ನಮೂನೆಗಳಿಂದ ಕೈಬಿಡಲು 2012ರಲ್ಲಿ ಆದೇಶಿಸಲಾಯಿತು. ಹೀಗಾಗಿ ವಯಸ್ಕ ಮಹಿಳೆಯರೆಲ್ಲರಿಗೂ 'ಮದಾಮ್' ಎನ್ನುವುದೇ ಕ್ಷೇಮ.

ಕನ್ನಡದ ನೀನು, ನೀವುಗಳಂತೆ ಫ್ರೆಂಚ್‌ನಲ್ಲಿಯೂ 'ತ್ಯು' ಮತ್ತು 'ವು' ಇವೆ. ಅಪರಿಚಿತ ವಯಸ್ಕರನ್ನು 'ವು' ಎಂದೇ ಸಂಬೋಧಿಸಬೇಕು. 'ದಯವಿಟ್ಟು' ಎಂಬರ್ಥದ 'ಸಿಲ್ ವು ಪ್ಲೆ'ಯಲ್ಲಿ ಈ ಗೌರವದ ಬಹುವಚನ ಅಡಗಿದೆ. ಫ್ರೆಂಚ್ ಬಾರದವರು ವಂದಿಸಿದ ಬಳಿಕ 'ಪಾರ್ಲೆ ವು ಆಂಗ್ಲೆ?' ಎಂದರೆ, ಇಂಗ್ಲಿಷ್ ಬರುವುದೇ ಎಂದು ವಿಚಾರಿಸಿದಂತೆ.

ಹೋಟೆಲ್ ಮಾಣಿಯನ್ನು 'ಗಾರ್ಸೊಂ' ಎಂದು ಕೂಗುವುದು ಈಗ ಅಗೌರವ. ಆ ಪದದ ಅರ್ಥ 'ಹುಡುಗ'. 'ಸಿಲ್ ವು ಪ್ಲೆ' ಎಂದರೆ ಸಾಕು. ಸಾಮಾನ್ಯವಾಗಿ ಕೇಳದೆ ಬಿಲ್ ತರುವುದಿಲ್ಲ. ಅದಕ್ಕೆ 'ಲಾದಿಸಿಯೊಂ, ಸಿಲ್ ವು ಪ್ಲೆ' ಎನ್ನಬೇಕು. ಸೇವಾ ಶುಲ್ಕ ತಿನಿಸಿನ ಬೆಲೆಯಲ್ಲಿಯೇ ಸೇರಿರುವುದರಿಂದ ಟಿಪ್ಸ್ ಕಡ್ಡಾಯವಲ್ಲ. 'ಕರಾಫ್ ದೋ' ಎಂದು ಕೇಳಿದರೆ ಊಟದ ಜತೆ ನಲ್ಲಿ ನೀರು ಉಚಿತ.

ಹೊರಡುವಾಗ ಧನ್ಯವಾದಕ್ಕೆ 'ಮೆರ್ಸಿ', ವಿದಾಯಕ್ಕೆ 'ಓ ರ್ವಾರ್'. ಉಚ್ಚಾರಣೆ ತಪ್ಪಿದರೂ ಚಿಂತೆಯಿಲ್ಲ, ವಂದನೆ ಮಾತ್ರ ತಪ್ಪಬಾರದು.