ಚಿತ್ರಾವತಿಯ ಗುಂಟ, ಕೋಟೆಯಿಂದ ದ್ರಾಕ್ಷಿತೋಟಕ್ಕೆ

ಗೋರಂಟ್ಲ ಎಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅಂಗೈಗೆ ಹಚ್ಚುವ ಗೋರಂಟಿ. ಆಂಧ್ರದ ಈ ಊರಿನಲ್ಲಿ ಮಾಧವರಾಯಸ್ವಾಮಿಯ ಹಳೆಯ ಕಲ್ಲಿನ ಗುಡಿಯಿದೆ, ಹತ್ತಿರದಲ್ಲಿ ಚಿತ್ರಾವತಿ ಇದೆ. ಫೆಬ್ರವರಿಯ ಬೆಳಿಗ್ಗೆ ನಾನು ದಡಕ್ಕೆ ಹೋದಾಗ ಕಂಡದ್ದು ನೀರಲ್ಲ, ಅಗಲವಾದ ಮರಳು. ಅದರ ನಡುವೆ ಜಾಲಿ ಬೆಳೆದಿತ್ತು, ಕುರಿಗಳು ಅಡ್ಡ ದಾಟುತ್ತಿದ್ದವು. ಕುರಿ ಕಾಯುತ್ತಿದ್ದ ತಾತ ಮೊದಲು ತೆಲುಗಿನಲ್ಲಿ ಮಾತಾಡಿಸಿದರು. ನಾನು ತಡವರಿಸಿದ್ದನ್ನು ನೋಡಿ ಅದೇ ಉಸಿರಿನಲ್ಲಿ ಕನ್ನಡಕ್ಕೆ ತಿರುಗಿದರು.

"ಯಾವೂರು ಸ್ವಾಮಿ ನಿಮ್ದು? ಏನ್ ನೋಡ್ತಿದೀರಿ?"

"ಈ ಹೊಳೆ ಎಲ್ಲಿಂದ ಬರುತ್ತೆ ಅಂತ ನೋಡ್ಕೊಂಡು ಹೊರಟಿದೀನಿ ತಾತ."

"ನಂದಿ ಬೆಟ್ಟದ್ದು ಇದು. ನಮ್ಮ ಕಾಲಕ್ಕೆ ಬರ್ತಿತ್ತು. ಈಗ ಬಂದ್ರೆ ಬಂತು."

ನನ್ನನ್ನು ಇಲ್ಲಿಗೆ ಕರೆತಂದದ್ದು ಫ್ರಾನ್ಸಿನ ಒಂದು ನದಿ. ಲ್ವಾರ್ ನದಿಯ ಸುಮಾರು 280 ಕಿಲೋಮೀಟರ್ ಉದ್ದದ ಕಣಿವೆಯನ್ನು ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ನದಿಯ ಬದಿಯಲ್ಲಿ ರಾಜರ ಕೋಟೆಗಳಿವೆ, ಕೋಟೆಗಳ ಮಗ್ಗುಲಲ್ಲಿ ದ್ರಾಕ್ಷಿ ಇದೆ. ಜನ ಸೈಕಲ್ಲಿನಲ್ಲಿ, ಕಾರಿನಲ್ಲಿ ನದಿಯ ಗುಂಟ ಹೋಗುತ್ತಾರೆ. ಬೆಳಿಗ್ಗೆ ಒಂದು ಅರಮನೆ ನೋಡಿ, ಮಧ್ಯಾಹ್ನ ಒಂದು ತೋಟದಲ್ಲಿ ಅಲ್ಲಿಯದೇ ವೈನಿನ ರುಚಿ ನೋಡುತ್ತಾರೆ. ಅದನ್ನು ಓದುತ್ತಿದ್ದಾಗ ನಮ್ಮ ನಕ್ಷೆ ತೆರೆದು ನೋಡಿದೆ. ನಂದಿಯ ಬೆಟ್ಟಸಾಲಿನಿಂದ ಉತ್ತರಕ್ಕೆ ಎರಡು ಹೊಳೆ ಹೊರಡುತ್ತವೆ. ಒಂದು ಉತ್ತರ ಪಿನಾಕಿನಿ, ಅಂದರೆ ಪೆನ್ನೇರು. ಅದು ಗೌರಿಬಿದನೂರು, ಹಿಂದೂಪುರದ ಕಡೆಗೆ ಹರಿಯುತ್ತದೆ. ಇನ್ನೊಂದು ಚಿತ್ರಾವತಿ, ಬಾಗೇಪಲ್ಲಿ ದಾಟಿ ಗೋರಂಟ್ಲ, ಪುಟ್ಟಪರ್ತಿಯ ಕಡೆಗೆ. ಮುಂದೆ ಕಡಪ ಜಿಲ್ಲೆಯಲ್ಲಿ ಎರಡೂ ಸೇರುತ್ತವೆ. ಈ ಹೊಳೆಗಳ ಸೀಮೆಯಲ್ಲಿ ಪೆನುಗೊಂಡೆಯ ಕೋಟೆ ಇದೆ, ಲೇಪಾಕ್ಷಿ ಇದೆ. ಹುಟ್ಟುವ ಕಡೆ ನಂದಿಯ ಕೋಟೆ, ಅದರ ಬುಡದಲ್ಲಿ ದ್ರಾಕ್ಷಿ. ಎಲ್ಲ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ. ನಮ್ಮವರು ಈ ನಾಲ್ಕನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಕಾರಣಕ್ಕೆ ನೋಡುತ್ತಾರೆ. ನನಗೆ ಒಂದೇ ಪಯಣದಲ್ಲಿ ನೋಡಬೇಕಿತ್ತು.

ಗೋರಂಟ್ಲದಿಂದ ಮೊದಲು ಹೋದದ್ದು ಪೆನುಗೊಂಡೆಗೆ. ದೂರದಿಂದಲೇ ಗುಡ್ಡ ಎದುರಾಗುತ್ತದೆ, ಬಂಡೆಯ ಮೇಲೆ ಬಂಡೆ ಪೇರಿಸಿದ ಹಾಗೆ. ಗೋಡೆ ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಕಟ್ಟಿದವರಿಗೂ ಅದೇ ಬೇಕಾಗಿದ್ದಿರಬೇಕು. ಕೋಟೆಯ ಉತ್ತರದ ಬಾಗಿಲಿನ ಶಾಸನ 1354ರ ಸುದ್ದಿ ಹೇಳುತ್ತದೆ: ವಿಜಯನಗರದ ಒಂದನೇ ಬುಕ್ಕರಾಯ ಈ ಸೀಮೆಯನ್ನು ಮಗ ವಿರೂಪಣ್ಣನಿಗೆ ವಹಿಸಿದ, ಅವನ ಕಾಲದಲ್ಲಿ ಕೋಟೆ ಎದ್ದಿತು. ಅಂದರೆ ಹಂಪಿಯ ರಾಜ್ಯ ಇನ್ನೂ ಎಳೆಯದಾಗಿದ್ದಾಗಲೇ ಪೆನುಗೊಂಡೆ ಅದರ ಬೆನ್ನಿಗಿತ್ತು.

ಆ ಬೆನ್ನು ನಿಜವಾಗಿ ಬೇಕಾದದ್ದು ಇನ್ನೂರು ವರ್ಷಗಳ ನಂತರ. 1565ರ ಜನವರಿಯಲ್ಲಿ ಸುಲ್ತಾನರೊಡನೆ ನಡೆದ ಯುದ್ಧದಲ್ಲಿ ರಾಜ್ಯ ನಡೆಸುತ್ತಿದ್ದ ರಾಮರಾಯ ಸತ್ತ ಮೇಲೆ ಅವನ ತಮ್ಮ ತಿರುಮಲ, ಹೆಸರಿಗೆ ಅರಸನಾಗಿದ್ದ ಸದಾಶಿವರಾಯನನ್ನೂ ಖಜಾನೆಯನ್ನೂ ಆನೆಗಳ ಮೇಲೆ ಹೊರಿಸಿಕೊಂಡು ಬಂದದ್ದು ಇಲ್ಲಿಗೆ. ವೆನಿಸಿನ ವ್ಯಾಪಾರಿ ಚೇಸರೆ ಫೆದೆರಿಚಿ 1567ರಲ್ಲಿ ಹಂಪಿಯಲ್ಲಿ ಏಳು ತಿಂಗಳು ಉಳಿದಿದ್ದ. ಆಸ್ಥಾನ ಎಂಟು ದಿನದ ಹಾದಿಯ ಪೆನುಗೊಂಡೆಗೆ ಹೋಯಿತು ಎಂದು ಬರೆದಿಟ್ಟವನು ಅವನೇ. ಎಂಟು ದಿನ! ಆ ಹಾದಿಯಲ್ಲಿ ಹಂಪಿಯಿಂದ ಎಷ್ಟು ಮಂದಿ ಅಕ್ಕಸಾಲಿಗರು, ಶಿಲ್ಪಿಗಳು, ನೇಕಾರರು, ಅಡಿಗೆಯವರು ಗಂಟುಮೂಟೆ ಕಟ್ಟಿಕೊಂಡು ನಡೆದಿರಬಹುದು ಎಂದು ಯೋಚಿಸುತ್ತ ನಾನು ಊರೊಳಗೆ ಹೋದೆ.

ಗಗನ ಮಹಲ್ ನೋಡಿದಾಗ ಮೊದಲಿಗೆ ಇಷ್ಟು ಚಿಕ್ಕದೇ ಎನಿಸಿತು. ಹೆಸರು ದೊಡ್ಡದು, ಮನೆ ಎರಡಂತಸ್ತಿನದು. ಕೆಳಗೆ ದಪ್ಪ ಗೋಡೆಯ ಕಮಾನುಗಳು, ಬಿಸಿಲಿಗೆ ಮೈ ಒಡ್ಡಿದ ಗಾರೆ. ಮೇಲೆ ಮಾಡಿನಿಂದ ಎದ್ದ ಗೋಪುರ ಮಾತ್ರ ದೇವಸ್ಥಾನದ್ದೇ, ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಹೋಗುತ್ತದೆ. ಕಮಾನು ಸುಲ್ತಾನರ ಕಡೆಯದು, ಶಿಖರ ನಮ್ಮ ಗುಡಿಯದು, ಎರಡನ್ನೂ ಒಂದೇ ಗೋಡೆಗೆ ಹೊಂದಿಸಿದ ಗಾರೆಗೆಲಸದವನ ಕೈ ಪಳಗಿದ್ದು. ಹಂಪಿಯ ಕಮಲ ಮಹಲ್ ನೋಡಿದವರಿಗೆ ಈ ಕೈಯ ಗುರುತು ಹತ್ತುತ್ತದೆ. ಇಕ್ಕಟ್ಟಾದ ಮೆಟ್ಟಿಲು ಹತ್ತುವಾಗ ಭುಜ ಗೋಡೆಗೆ ತಾಗಿತು. ಒಳಗೆ ಹೊರಗಿನ ಸೆಕೆ ಇಲ್ಲ. ಬೇಸಿಗೆಯಲ್ಲಿ ಅರಸರು ಇಲ್ಲಿಗೆ ಬಂದು ಇರುತ್ತಿದ್ದರು ಎನ್ನುವ ಮಾತನ್ನು ಆ ತಂಪಿನಲ್ಲಿ ನಿಂತಾಗ ನಂಬಬೇಕೆನಿಸಿತು.

ಫ್ರಾನ್ಸಿನ ರಾಜ ಒಂದನೇ ಫ್ರಾನ್ಸಿಸ್ ಲ್ವಾರ್ ಕಣಿವೆಯ ಶಾಂಬೋರ್ ಅರಮನೆಯ ಕೆಲಸ ಶುರುಮಾಡಿಸಿದ್ದು 1519ರಲ್ಲಿ. ಆಗ ಇಲ್ಲಿ ಆಳುತ್ತಿದ್ದವನು ಕೃಷ್ಣದೇವರಾಯ. ಇಬ್ಬರೂ ಒಂದೇ ಕಾಲದವರು, ಇಬ್ಬರಿಗೂ ಕಟ್ಟಿಸುವ ಹುಚ್ಚು. ಶಾಂಬೋರಿನಲ್ಲಿ ನಾನೂರಕ್ಕೂ ಹೆಚ್ಚು ಕೋಣೆಗಳು. ನಡುವೆ ಎರಡು ಸುರುಳಿ ಮೆಟ್ಟಿಲು ಒಂದನ್ನೊಂದು ಹೆಣೆದುಕೊಂಡು ಏರುತ್ತವೆ, ಒಂದರಲ್ಲಿ ಹತ್ತುವವರಿಗೆ ಇನ್ನೊಂದರಲ್ಲಿ ಇಳಿಯುವವರು ಎದುರಾಗುವುದಿಲ್ಲ. ಅದಕ್ಕೆ ಗಗನ ಮಹಲನ್ನು ಹೋಲಿಸುವುದು ನ್ಯಾಯವಲ್ಲ. ಶಾಂಬೋರ್ ಬೇಟೆಗೆ ಬಂದ ರಾಜ ಇಳಿದುಕೊಳ್ಳುವ ಮನೆಯಾಗಿತ್ತು. ಪೆನುಗೊಂಡೆ, ರಾಜಧಾನಿ ಕಳಕೊಂಡವರು ಬಂದು ಬದುಕಿದ ಮನೆ. ಇಲ್ಲಿಂದ ತಿರುಮಲ, ಅವನ ಮಗ ಶ್ರೀರಂಗ, ಆಮೇಲೆ ವೆಂಕಟಪತಿ ಆಳಿದರು. ಬಿಜಾಪುರದ ಪಡೆ, ಗೋಲ್ಕೊಂಡದ ಪಡೆ ಬುಡಕ್ಕೆ ಬಂದು ಮುತ್ತಿಗೆ ಹಾಕಿದವು. ಕೊನೆಗೆ ವೆಂಕಟಪತಿ ಆಸ್ಥಾನವನ್ನು ಚಂದ್ರಗಿರಿಗೆ ಒಯ್ದ. ಹಂಪಿಯ ಹೆಸರು ಎಲ್ಲರ ಬಾಯಲ್ಲಿದೆ. ಹಂಪಿ ಮುಗಿದ ಮೇಲೂ ರಾಜ್ಯ ಉಸಿರಾಡಿದ್ದು ಈ ಬೆಟ್ಟದ ಬುಡದಲ್ಲಿ ಎಂಬುದು ಕನ್ನಡಿಗರಿಗೇ ಮರೆತಿದೆ. ಅದು ನನಗೆ ಸಂಕಟದ ವಿಷಯ.

ಮಹಲಿನ ಪಕ್ಕದಲ್ಲೇ ಪಾರ್ಶ್ವನಾಥನ ಬಸದಿ. ಊರಲ್ಲಿ ರಾಮನ ಗುಡಿ, ಶಿವನ ಗುಡಿ ಅಕ್ಕಪಕ್ಕ ನಿಂತಿವೆ. ಶೇರ್ ಖಾನ್ ಮಸೀದಿ ಇದೆ, ಬಾಬಯ್ಯನ ದರ್ಗಾ ಇದೆ. ದರ್ಗಾಕ್ಕೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಹೆಬ್ಬಾಗಿಲಿನಲ್ಲಿ ಎತ್ತರದ ಆಂಜನೇಯ. ಕೃಷ್ಣದೇವರಾಯನ ಮಂತ್ರಿ ತಿಮ್ಮರಸನನ್ನು ಕೂಡಿಹಾಕಿದ ಜಾಗ ಇದು ಎಂದು ಒಂದೆಡೆ ತೋರಿಸುತ್ತಾರೆ. ಬೆಟ್ಟದ ತುದಿಯ ನರಸಿಂಹನ ತನಕ ನಾನು ಹತ್ತಲಿಲ್ಲ. ಬಿಸಿಲು ಏರಿತ್ತು, ಮುಂದೆ ದಾರಿ ಬಹಳವಿತ್ತು.

ಹೆದ್ದಾರಿ 44 ಹಿಡಿದು ದಕ್ಷಿಣಕ್ಕೆ ಬಂದರೆ ಪಾಲಸಮುದ್ರ, ಅದು ಗೋರಂಟ್ಲ ಮಂಡಲದ್ದೇ. ಆಮೇಲೆ ಕೊಡಿಕೊಂಡದ ಚೆಕ್‌ಪೋಸ್ಟ್. ಬೆಂಗಳೂರಿನಿಂದ ಬರುವವರು ಅಲ್ಲಿ ಲೇಪಾಕ್ಷಿಗೆ ತಿರುಗುತ್ತಾರೆ, ನೇತಾಡುವ ಕಂಬದ ಕೆಳಗೆ ಬಟ್ಟೆ ಎಳೆದು ನೋಡಿ, 27 ಅಡಿ ಉದ್ದದ ನಂದಿಯ ಮುಂದೆ ಫೋಟೊ ತೆಗೆಸಿಕೊಂಡು ಸಂಜೆಗೆ ಮನೆ ಸೇರುತ್ತಾರೆ. ಲೇಪಾಕ್ಷಿಯ ಪ್ರಾಕಾರದ ಕಲ್ಲುಗಳಲ್ಲಿ ಕನ್ನಡ ಅಕ್ಷರ ಇದೆ. ಮುಂದಿನ ಸಲ ಹೋದವರು ಅದಕ್ಕೂ ಐದು ನಿಮಿಷ ಕೊಡಲಿ ಎಂಬುದು ನನ್ನ ಬೇಡಿಕೆ. ನಾನು ಈ ಸಲ ನಿಲ್ಲಲಿಲ್ಲ. ಬಾಗೇಪಲ್ಲಿ ಹತ್ತಿರ ಚಿತ್ರಾವತಿ ಮತ್ತೆ ಸಿಕ್ಕಿತು. ಪರಗೋಡಿನಲ್ಲಿ ಅದಕ್ಕೆ ಒಡ್ಡು ಕಟ್ಟಿದ್ದಾರೆ. ಮೇಲಿನವರಿಗೂ ಕೆಳಗಿನವರಿಗೂ ನೀರು ಬೇಕು, ಹೊಳೆ ಮಾತ್ರ ಒಂದೇ.

ಚಿಕ್ಕಬಳ್ಳಾಪುರ ಹತ್ತಿರವಾಗುತ್ತಿದ್ದಂತೆ ರಸ್ತೆಯ ಎರಡೂ ಕಡೆ ಚಪ್ಪರಗಳು ಶುರುವಾದವು. ಕಲ್ಲಿನ ಕಂಬ, ಮೇಲೆ ತಂತಿಯ ಬಲೆ, ಅದರ ಮೇಲೆ ಹಬ್ಬಿದ ಬಳ್ಳಿ. ಒಳಗೆ ಹೋದರೆ ತಲೆಯ ಮೇಲೆ ಗೊಂಚಲು. ಇದು ಬೆಂಗಳೂರು ಬ್ಲೂ. ಕಪ್ಪುನೀಲಿ ಬಣ್ಣ, ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗೆ ಹಾಕಿದರೆ ಸಿಪ್ಪೆಯಿಂದ ತಿರುಳು ಜಾರಿ ಬರುತ್ತದೆ. ಮೂಗಿಗೆ ಬಡಿಯುವ ವಾಸನೆಯೇ ಅದರ ಗುರುತು. ಇದಕ್ಕೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಣ್ಣಾಗಿ ಸಂತೆಗೆ ಹೋಗುತ್ತದೆ, ಜ್ಯೂಸ್ ಆಗುತ್ತದೆ, ಸಿಹಿಯಾದ ಪೋರ್ಟ್ ವೈನಿಗೂ ಹೋಗುತ್ತದೆ.

ಅಲ್ಲಿಯ ಒಬ್ಬ ರೈತರು ತಮ್ಮ ಚಪ್ಪರದ ಕೆಳಗೆ ನನ್ನನ್ನು ಕೂರಿಸಿ ಬಳ್ಳಿಯ ವಿದ್ಯೆ ಹೇಳಿಕೊಟ್ಟರು. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಅಲ್ಲಿಯವರು ವರ್ಷಕ್ಕೊಮ್ಮೆ ಕತ್ತರಿ ಹಾಕಿ ಶರತ್ಕಾಲದಲ್ಲಿ ಕೊಯ್ಯುತ್ತಾರೆ. ನಮ್ಮಲ್ಲಿ ಬಳ್ಳಿಗೆ ನಿದ್ದೆ ಬರುವಷ್ಟು ಚಳಿ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ, ಕಾಯಿ ಕಟ್ಟುವುದನ್ನು ಮರೆಯುತ್ತದೆ. ಅದಕ್ಕೆ ವೈನ್ ದ್ರಾಕ್ಷಿಗೆ ಎರಡು ಸಲ ಕಟಿಂಗ್. ಕೊಯ್ಲಿನ ನಂತರ ಏಪ್ರಿಲ್ ಸುಮಾರಿಗೆ ಮೊದಲನೆಯದು, ಅದು ಕಡ್ಡಿ ಬೆಳೆಸಲು. ಆ ಕಡ್ಡಿಯ ಕಣ್ಣಿನೊಳಗೇ ಮುಂದಿನ ಹೂವು ಅಡಗಿ ಕೂರುತ್ತದೆ. ಮಳೆ ಹಿಂದಾಗುವ ಹೊತ್ತಿಗೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಎರಡನೆಯದು, ಅದು ಹಣ್ಣಿಗೆ. ಉತ್ತರ ಕರ್ನಾಟಕದ ವಿಜಯಪುರದ ಕಡೆ ಈ ಕಟಿಂಗನ್ನೇ ಚಾಟ್ನಿ ಎನ್ನುತ್ತಾರೆ.

"ನಾವೇ ಮಲಗಿಸ್ಬೇಕು, ನಾವೇ ಎಬ್ಬಿಸ್ಬೇಕು ಸಾರ್," ಎಂದರು ಅವರು. "ಮಕ್ಕಳ ಥರ."

ನೀರಿನ ಮಾತು ಬಂದಾಗ ದನಿ ತಗ್ಗಿತು. ಸಾವಿರ ಅಡಿ ಕೊರೆದ ಬೋರ್‌ವೆಲ್ಲುಗಳು ಈ ತಾಲ್ಲೂಕುಗಳಲ್ಲಿ ಹೊಸ ಸಂಗತಿಯಲ್ಲ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಶುದ್ಧಿ ಮಾಡಿ ಇಲ್ಲಿಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಹನಿ ನೀರಾವರಿಯ ಕಪ್ಪು ಪೈಪುಗಳು ಪ್ರತಿ ಬುಡಕ್ಕೂ ಲೆಕ್ಕ ಹಾಕಿ ತೊಟ್ಟಿಕ್ಕುತ್ತವೆ. ಗೋರಂಟ್ಲದ ಮರಳು ಯಾಕೆ ಒಣಗಿದೆ ಎಂಬುದಕ್ಕೆ ಉತ್ತರದ ಒಂದು ಪಾಲು ಇಲ್ಲಿದೆ.

ನಂದಿ ಬೆಟ್ಟದ ಆ ಮಗ್ಗುಲಿಗೆ, ದೊಡ್ಡಬಳ್ಳಾಪುರದ ರಘುನಾಥಪುರದಲ್ಲಿ ಗ್ರೋವರ್ ಅವರ ತೋಟ. ಕನ್ವಲ್ ಗ್ರೋವರ್ ಫ್ರಾನ್ಸಿಗೆ ಓಡಾಡಿಕೊಂಡಿದ್ದ ಉದ್ಯಮಿ. ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರನ್ನು ಕರೆತಂದು, ಹಲವು ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿ, ಈ ಮಣ್ಣಿಗೆ ಒಗ್ಗಿದವನ್ನು ಇಟ್ಟುಕೊಂಡರು. 1988ರ ಸುಮಾರಿಗೆ ತೋಟ ಎದ್ದಿತು, 1992ರಲ್ಲಿ ಮೊದಲ ವೈನ್ ಬಂತು. ಬೋರ್ಡೊದ ಹೆಸರಾಂತ ವೈನ್ ತಜ್ಞ ಮಿಷೆಲ್ ರೊಲಾಂ 1995ರಿಂದ ಸಲಹೆಗಾರರಾದರು. ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದದ್ದು 2007ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಇಲ್ಲಿ ಬಳ್ಳಿಗಳಿಗೆ ವಯಸ್ಸಾಗಿತ್ತು.

ಇಲ್ಲಿ ಚಪ್ಪರವಿಲ್ಲ. ಬಳ್ಳಿಗಳು ತಂತಿ ಹಿಡಿದು ಬೇಲಿಯ ಹಾಗೆ ಸಾಲಾಗಿ ನಿಂತಿವೆ. ಹಿಂದೆ ನಂದಿಯ ಬಂಡೆಬೆಟ್ಟ. ಕ್ಯಾಬರ್ನೆ ಸೊವಿನ್ಯೊನ್, ಶಿರಾಜ್‌ಗಳ ಗೊಂಚಲು ನಮ್ಮ ಬ್ಲೂ ದ್ರಾಕ್ಷಿಗಿಂತ ಚಿಕ್ಕದು, ಕಾಳು ಇನ್ನೂ ಸಣ್ಣದು, ತಿಂದರೆ ಬೀಜವೇ ಹೆಚ್ಚು. ವೈನಿಗೆ ಬೇಕಾದದ್ದು ಅದೇ: ರಸ ಕಡಿಮೆ, ಸಿಪ್ಪೆ ಹೆಚ್ಚು. ಕೆಂಪು ಬಣ್ಣ ಬರುವುದು ಸಿಪ್ಪೆಯಿಂದ. ರಸವನ್ನು ಸಿಪ್ಪೆಯೊಡನೆ ಹುಳಿಬರಿಸಿದರೆ ಕೆಂಪು ವೈನ್, ಸಿಪ್ಪೆ ಬೇರ್ಪಡಿಸಿದರೆ ಬಿಳಿ. ಬಿಸಿಲೇರುವ ಮೊದಲೇ ಕೊಯ್ದು ತಂದ ಹಣ್ಣನ್ನು ತಂಪಾಗಿ ಇಡುತ್ತಾರೆ. ಉಕ್ಕಿನ ಟ್ಯಾಂಕುಗಳ ಕೋಣೆಯಲ್ಲಿ ಹುದುಗಿನ ವಾಸನೆ, ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದಂತೆ. ಒಳಗಿನ ಕೋಣೆಯಲ್ಲಿ ಓಕ್ ಮರದ ಪೀಪಾಯಿಗಳು, ಮಂದ ಬೆಳಕು. ಅಲ್ಲಿಯ ತಂಪು ತಾಗಿದಾಗ ಗಗನ ಮಹಲಿನ ಮೆಟ್ಟಿಲು ನೆನಪಾಯಿತು.

ಇನ್ನೊಂದು ಮಾತು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹೇನು ಬೇರು ಕಚ್ಚಿ ಫ್ರಾನ್ಸಿನ ತೋಟಗಳನ್ನು ಒಣಗಿಸಿತು. ಉಳಿಸಿದ್ದೂ ಅಮೆರಿಕದ ಬಳ್ಳಿಯೇ: ಅದರ ಬೇರಿಗೆ ಫ್ರೆಂಚ್ ಕಡ್ಡಿ ಕಸಿ ಕಟ್ಟಿದರು. ನಮ್ಮ ಹೊಸ ತೋಟಗಳಲ್ಲೂ ಅದೇ ಕಸಿ. ಡಾಗ್‌ರಿಡ್ಜ್ ಎಂಬ ಅಮೆರಿಕದ ಬೇರು ಬರವನ್ನೂ ಉಪ್ಪುನೀರನ್ನೂ ತಡೆಯುತ್ತದೆ. ದೂರದ ಎರಡು ನಾಡುಗಳ ಬೇರು ಮತ್ತು ಕಡ್ಡಿ, ನಂದಿಯ ಕೆಮ್ಮಣ್ಣಿನಲ್ಲಿ ಕೂಡಿವೆ.

ಫ್ರಾನ್ಸಿನಲ್ಲಿ ಎಷ್ಟೋ ವೈನ್ ಮನೆಗಳಿಗೆ ಶಾತೊ, ಅಂದರೆ ಕೋಟೆ, ಎಂದೇ ಹೆಸರು. ದ್ರಾಕ್ಷಿಯ ಆದಾಯ ಎಷ್ಟೋ ಹಳೆಯ ಗೋಡೆಗಳನ್ನು ನಿಲ್ಲಿಸಿದೆ. ಶಾಂಬೋರಿನವರೂ 2015ರಲ್ಲಿ ಅರಮನೆಯ ಜಮೀನಿನಲ್ಲಿ ಮತ್ತೆ ಬಳ್ಳಿ ನೆಟ್ಟರು. ಪೆನುಗೊಂಡೆಯ ಬುಡದಲ್ಲಿ ದ್ರಾಕ್ಷಿ ನೆಡಿ ಎಂದು ನಾನು ಹೇಳುತ್ತಿಲ್ಲ, ಅಲ್ಲಿ ಕುಡಿಯಲೇ ನೀರು ಸಾಲದು. ಆದರೆ ರಘುನಾಥಪುರದವರೆಗೆ ಬಂದ ಕಾರುಗಳು ಇನ್ನೊಂದಿಷ್ಟು ಹೊತ್ತು ಉತ್ತರಕ್ಕೆ ಓಡಿದರೆ ಗಗನ ಮಹಲಿನ ಮುಂದೆ ನಿಲ್ಲುತ್ತವೆ. ಅಲ್ಲಿ ಒಂದು ಒಳ್ಳೆಯ ಕನ್ನಡ, ತೆಲುಗು ಫಲಕ, ಕಥೆ ಬಲ್ಲ ಒಬ್ಬ ಹುಡುಗ, ಒಂದು ತಟ್ಟೆ ಊಟ ಸಿಕ್ಕರೆ ಜನ ಬರುತ್ತಾರೆ.

ಸಂಜೆ ಬೆಟ್ಟದ ಬುಡದ ಭೋಗನಂದೀಶ್ವರನ ಗುಡಿಗೆ ಹೋಗಿ ಕೂತೆ. ಒಂಬತ್ತನೇ ಶತಮಾನದಿಂದ ಬಾಣರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಸೇರಿಸುತ್ತ ಬಂದ ಗುಡಿ. ಮೇಲೆ ಕತ್ತಲಾಗುತ್ತಿದ್ದ ಕೋಟೆ, 1791ರ ಅಕ್ಟೋಬರಿನಲ್ಲಿ ಟಿಪ್ಪುವಿನ ಕೈಯಿಂದ ಕಾರ್ನ್‌ವಾಲಿಸನ ಪಡೆಗೆ ಹೋದದ್ದು. ಹೊರಗೆ ಬಂದಾಗ ರಸ್ತೆ ಬದಿಯಲ್ಲಿ ಬ್ಲೂ ದ್ರಾಕ್ಷಿಯ ಕ್ರೇಟುಗಳನ್ನು ಗೂಡ್ಸ್ ಟೆಂಪೊಗೆ ಏರಿಸುತ್ತಿದ್ದರು. ಎಲ್ಲಿಗೆ ಎಂದು ಕೇಳಿದೆ. "ಹಿಂದೂಪುರ ಸಾರ್, ಅರ್ಧ ಲೋಡು ಗೋರಂಟ್ಲಕ್ಕೆ," ಎಂದ ಚಾಲಕ. ಎರಡು ಕಿಲೋ ತೂಗಿಸಿ ಕಾಗದದಲ್ಲಿ ಕಟ್ಟಿಸಿದೆ, ಚಿತ್ರಾವತಿಯ ದಡದಲ್ಲಿ ಕುರಿ ಕಾಯುವ ತಾತನಿಗೆ ಕೊಡು ಎಂದೆ. "ಹೆಸರು?" ಎಂದ. ಕೇಳಿಕೊಂಡಿರಲಿಲ್ಲ. "ಮಾಧವರಾಯನ ಗುಡಿ ಹತ್ರ ವಿಚಾರಿಸು, ಕನ್ನಡ ಬರುತ್ತೆ ಅವರಿಗೆ," ಎಂದೆ. ಆತ ಪೊಟ್ಟಣವನ್ನು ಸೀಟಿನ ಪಕ್ಕ ಜೋಪಾನವಾಗಿ ಇಟ್ಟುಕೊಂಡು ಗಾಡಿ ಹೊರಡಿಸಿದ.