ಗಡಿಯಾರದ ಕಾಯಿದೆಗೆ ಒಂದೇ ಸಾಲಿನ ಕಮಾಂಡ್

ಗೆಳೆಯನ ಕಚೇರಿಯಲ್ಲಿ ಆ ಕಪ್ಪು ಪರದೆ ಕಂಡಾಗಿನಿಂದ ಅದರ ಗುಂಗು ಬಿಟ್ಟಿಲ್ಲ. ಬೆಂಗಳೂರಿನ ಹೊತ್ತನ್ನು ನ್ಯೂಯಾರ್ಕ್ ಹೊತ್ತಿಗೆ ಬದಲಿಸು ಎಂದರೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ‘ನಲ್’ ಎಂದಷ್ಟೇ ಹೇಳುತ್ತಿತ್ತು. ಅವನು ‘ಮೈಎಸ್‌ಕ್ಯೂಎಲ್_ಟಿಝಡ್‌ಇನ್ಫೊ_ಟು_ಎಸ್‌ಕ್ಯೂಎಲ್’ ಎಂಬ ಮಾರುದ್ದದ ಕಮಾಂಡ್ ಕೊಟ್ಟ. ಲಿನಕ್ಸ್‌ನಲ್ಲಿದ್ದ ಜಗತ್ತಿನ ಕಾಲವಲಯಗಳ ನಿಯಮಗಳೆಲ್ಲ ಡೇಟಾಬೇಸ್‌ನ ಟೇಬಲ್‌ಗಳಿಗೆ ಇಳಿದವು. ಮತ್ತೆ ಕೇಳಿದರೆ ಸರಿಯುತ್ತರ!

ಈ ನಿಯಮಗಳ ಸಂಗ್ರಹವನ್ನು 1980ರ ದಶಕದಲ್ಲಿ ಆರಂಭಿಸಿದವರು ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್. 2011ರಲ್ಲಿ ಜ್ಯೋತಿಷ ಸಾಫ್ಟ್‌ವೇರ್ ಕಂಪನಿಯೊಂದು ಇದರ ಮೇಲೆ ಮೊಕದ್ದಮೆ ಹೂಡಿ, ಮರುವರ್ಷ ಹಿಂತೆಗೆದುಕೊಂಡಿತು. ಈಗ ಸಂಗ್ರಹವು ಅಂತರ್ಜಾಲದ ಹೆಸರು, ಸಂಖ್ಯೆಗಳನ್ನು ನೋಡಿಕೊಳ್ಳುವ ಐಎಎನ್ಎ ಸಂಸ್ಥೆಯ ಆಸರೆಯಲ್ಲಿದೆ. ಉಸ್ತುವಾರಿ ಪಾಲ್ ಎಗರ್ಟ್ ಅವರದು.

ನನ್ನನ್ನು ಹಿಡಿದು ಕೂರಿಸಿದ್ದು ಭಾರತದ ನಮೂದು. ‘ಏಷ್ಯಾ/ಕೋಲ್ಕತ್ತ’ ಎಂಬ ಹೆಸರಿನಡಿ 1870ರಿಂದ 1905ರ ಕೊನೆಯವರೆಗೆ ಇರುವುದು ಮದ್ರಾಸ್ ಸಮಯ: ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 10 ಸೆಕೆಂಡ್ ಮುಂದೆ. ರೈಲು, ತಂತಿಗಳು ನಡೆಯುತ್ತಿದ್ದುದು ಮದ್ರಾಸ್ ಗಡಿಯಾರದಲ್ಲಿ, ನಿಜ. ಆದರೆ ಕಲ್ಕತ್ತದ ಜನ 1948ರವರೆಗೂ ತಮ್ಮದೇ ಹೊತ್ತನ್ನು ಬಿಟ್ಟುಕೊಟ್ಟಿರಲಿಲ್ಲ. ಭಾರತೀಯ ಪ್ರಮಾಣ ಸಮಯಕ್ಕಿಂತ 39 ನಿಮಿಷ ಹಿಂದಿದ್ದ ಬಾಂಬೆ ಟೈಮ್‌ಗಂತೂ ಇಲ್ಲಿ ಜಾಗವೇ ಇಲ್ಲ. 1970ರ ನಂತರ ಗಡಿಯಾರ ಒಂದೇ ಆಗಿದ್ದ ಊರುಗಳಿಗೆ ಒಂದೇ ವಲಯ ಸಾಕೆಂಬುದು ಸಂಗ್ರಹಕಾರರ ಲೆಕ್ಕ. ಎರಡನೇ ಮಹಾಯುದ್ಧದಲ್ಲಿ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದು ಮಾತ್ರ ತಪ್ಪದೆ ದಾಖಲಾಗಿದೆ. ಹಾಗಾಗಿ ಆ ಒಂದು ಗಂಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 1943ರ ಜನ್ಮಸಮಯ ಹಿಡಿದು ಜಾತಕ ಬರೆಯುವ ಸಾಫ್ಟ್‌ವೇರ್‌ಗಳ ಮೇಲೆ ನನಗೆ ಸಣ್ಣ ಗುಮಾನಿ.

ಹಳೆಯದು ಹೇಗೂ ಇರಲಿ, ಕಾಟ ಕೊಡುವುದು ಹೊಸ ಆದೇಶಗಳು. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ ಬೇಸಿಗೆಗೆಂದು ಗಡಿಯಾರ ಮುಂದಿಡುವುದನ್ನು ರಂಜಾನ್ ಮುಗಿಯುವವರೆಗೆ ತಡೆಯಿತು. ಮರೋನೈಟ್ ಚರ್ಚ್ ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ಹೊತ್ತು! ಕೆಲವೇ ದಿನಗಳಲ್ಲಿ ಸರ್ಕಾರ ಆದೇಶ ಹಿಂಪಡೆಯಿತು. ಮೊದಲ ಆದೇಶಕ್ಕೆ ತಕ್ಕಂತೆ ಸಂಗ್ರಹದ ‘2023ಬಿ’ ಆವೃತ್ತಿ ಹೊರಟ ಬೆನ್ನಿಗೇ ‘2023ಸಿ’ಯೂ ಬರಬೇಕಾಯಿತು.

ಲಿನಕ್ಸ್ ಅಪ್‌ಡೇಟ್ ಆದರೆ ಮೈಎಸ್‌ಕ್ಯೂಎಲ್‌ನ ಟೇಬಲ್‌ಗಳು ತಾವಾಗಿ ಬದಲಾಗುವುದಿಲ್ಲ. ಹೊರದೇಶದ ಗ್ರಾಹಕರಿಗೆ ಸರ್ವರ್ ನಡೆಸುವವರು ಆ ಕಮಾಂಡನ್ನು ಮತ್ತೆ ಕೊಡಬೇಕು, ಹಳೆಯ ನಿಯಮ ನೆನಪಿನಲ್ಲಿ ಉಳಿಯದಂತೆ ಸರ್ವರನ್ನು ಮರುಚಾಲನೆ ಮಾಡಬೇಕು. ನಿಮ್ಮಲ್ಲಿ ಇದನ್ನು ಕೊನೆಯ ಬಾರಿ ಮಾಡಿದ್ದು ಯಾವಾಗ ಎಂದು ಸೋಮವಾರವೇ ವಿಚಾರಿಸಿ.