ಖಾಯಂ ನೌಕರಿಯೆಂಬ ಕೋಟೆ: ಒಬ್ಬ ವಿದ್ವಾಂಸರ ಶೋಧನೆ

ಹೆಣ್ಣಿಗೆ ವರನನ್ನು ನೋಡುವಾಗ ಹಿರಿಯರು ಕೇಳುವ ಪ್ರಶ್ನೆಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಹಿಂದೆ ಹೊಲವೆಷ್ಟು, ತೋಟವೆಷ್ಟು, ಕೊಟ್ಟಿಗೆಯಲ್ಲಿ ಎಷ್ಟು ರಾಸುಗಳಿವೆ ಎಂದು ವಿಚಾರಿಸುತ್ತಿದ್ದರು. ಇಂದು ಮಾಗಡಿ ತಾಲ್ಲೂಕಿನ ಕುದೂರಿನಂತಹ ಊರಿನಲ್ಲಿಯೂ ಮೊದಲು ಕೇಳಿಬರುವ ಪ್ರಶ್ನೆ, ‘ಹುಡುಗನ ಕೆಲಸ ಖಾಯಮ್ಮೋ, ಗುತ್ತಿಗೆಯೋ?’ ಎಂಬುದು. ಕಾಯಕವೆಂಬ ಮಾತನ್ನು ದಿನನಿತ್ಯ ಆಡುವ ನಾವು, ಮಾಡುವ ಕೆಲಸ ಎಂತಹುದೆಂದು ಕೇಳುವ ಮುನ್ನ ಅದು ಎಷ್ಟು ಕಾಲ ಉಳಿಯುತ್ತದೆಂದು ಕೇಳುತ್ತೇವೆ. ಇದನ್ನು ಕೇವಲ ಲೋಭವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮಗಳನ್ನು ಪರರ ಮನೆಗೆ ಕಳುಹಿಸುವ ತಂದೆತಾಯಿಗಳ ಭಯ ಈ ಪ್ರಶ್ನೆಯೊಳಗೆ ಅಡಗಿದೆ.

ಈ ಪ್ರಶ್ನೆಯನ್ನೇ ತಮ್ಮ ವಿದ್ಯಾಜೀವನದ ಮುಖ್ಯ ವಿಷಯವನ್ನಾಗಿ ಮಾಡಿಕೊಂಡು, ಅದಕ್ಕಾಗಿ ನಮ್ಮ ಬೆಂಗಳೂರಿನ ಕಾರ್ಖಾನೆಗಳ ಬಾಗಿಲಿಗೆ ಬಂದ ವಿದ್ವಾಂಸರೊಬ್ಬರಿದ್ದರು. ಅವರು ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಮಾನವಶಾಸ್ತ್ರಜ್ಞ ಮಾರ್ಕ್ ಹೋಮ್‌ಸ್ಟ್ರಾಮ್. ಅವರ ಹೆಸರು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಅಪರಿಚಿತವಾಗಿರಬಹುದು. ಆದರೆ ಅವರು ಅಭ್ಯಸಿಸಿದ್ದು ನಮ್ಮ ನೆರೆಯ ನಗರದ ಕಾರ್ಮಿಕರ ಬಾಳನ್ನು. ಅವರು ಕಂಡುಕೊಂಡ ಸಂಗತಿ ಇಂದಿಗೂ ನಮ್ಮ ಮನೆಗಳಿಗೆ ಸಂಬಂಧಿಸಿದ್ದು.

ಮಾಲೀಕ, ಕಾರ್ಮಿಕ, ಕಾರ್ಮಿಕ ಸಂಘ ಮತ್ತು ಸರ್ಕಾರ ಇವರ ಪರಸ್ಪರ ವ್ಯವಹಾರವನ್ನು ಪರಿಶೀಲಿಸುವ ಶಾಸ್ತ್ರಕ್ಕೆ ಕೈಗಾರಿಕಾ ಸಂಬಂಧಗಳ ಶಾಸ್ತ್ರವೆಂದು ಹೆಸರು. ಇದರಲ್ಲಿ ಪರಿಶ್ರಮವುಳ್ಳವರು ಸಾಮಾನ್ಯವಾಗಿ ಕಾನೂನು, ವೇತನದ ಒಪ್ಪಂದ, ಮುಷ್ಕರ, ಬೀಗಮುದ್ರೆ ಮುಂತಾದವುಗಳ ಮೂಲಕ ವಿಷಯವನ್ನು ಪ್ರವೇಶಿಸುತ್ತಾರೆ. ಹೋಮ್‌ಸ್ಟ್ರಾಮ್ ಅವರು ಕಾರ್ಮಿಕನ ಮನೆಯ ಮೂಲಕ ಪ್ರವೇಶಿಸಿದರು. ಈತ ಯಾವ ಊರಿನಿಂದ ಬಂದ, ಕೆಲಸ ಯಾರ ಮೂಲಕ ದೊರಕಿತು, ಸಂಬಳದಲ್ಲಿ ಯಾರಿಗೆಲ್ಲ ಪಾಲು ಹೋಗುತ್ತದೆ, ತನ್ನ ಮಕ್ಕಳು ಏನಾಗಬೇಕೆಂದು ಬಯಸುತ್ತಾನೆ ಎಂಬಂತಹ ವಿಚಾರಗಳ ಬೆನ್ನುಹತ್ತಿದರು.

ಅವರು ಬೆಂಗಳೂರಿನ ಕಾರ್ಖಾನೆಗಳಲ್ಲಿ ಅಧ್ಯಯನ ನಡೆಸಿದ್ದು 1970ರ ದಶಕದ ಆರಂಭದಲ್ಲಿ. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹೀಗೆ ಒಂದರ ಹಿಂದೆ ಒಂದರಂತೆ ಸ್ಥಾಪನೆಗೊಂಡು, ಪಿಂಚಣಿದಾರರ ಊರೆನಿಸಿದ್ದ ಬೆಂಗಳೂರು ಕಾರ್ಮಿಕರ ಊರೂ ಆಗಿದ್ದ ಕಾಲವದು. ಇಂತಹ ಕಾರ್ಖಾನೆಯೊಳಗೆ ಒಮ್ಮೆ ಹೆಸರು ದಾಖಲಾಯಿತೆಂದರೆ 1948ರ ಕಾರ್ಖಾನೆಗಳ ಕಾಯಿದೆ, ಅದೇ ವರ್ಷದ ಇ.ಎಸ್.ಐ. ಕಾಯಿದೆ, 1952ರ ಭವಿಷ್ಯನಿಧಿ ಕಾಯಿದೆ ಇವು ಕಾರ್ಮಿಕನ ಸುತ್ತ ರಕ್ಷಣೆಯ ಗೋಡೆಯಂತೆ ನಿಲ್ಲುತ್ತಿದ್ದವು. ಕಂಪನಿಯ ಬಸ್ಸು, ಕ್ಯಾಂಟೀನು, ಕೆಲವೆಡೆ ವಸತಿಗೃಹ ಹಾಗೂ ಮಕ್ಕಳಿಗೆ ಶಾಲೆ ಇವೂ ಇದ್ದವು. ಗೋಡೆಯ ಆಚೆಯಿದ್ದವರಿಗೆ ಇವುಗಳಲ್ಲಿ ಯಾವುದೂ ಇರಲಿಲ್ಲ.

1976ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮುದ್ರಣಾಲಯವು ಹೋಮ್‌ಸ್ಟ್ರಾಮ್ ಅವರ ‘ಸೌತ್ ಇಂಡಿಯನ್ ಫ್ಯಾಕ್ಟರಿ ವರ್ಕರ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿತು. ಖಾಯಂ ನೌಕರಿಯನ್ನು ಅವರು ಅದರಲ್ಲಿ ಒಂದು ಕೋಟೆಗೆ ಹೋಲಿಸಿದರು. ಕೋಟೆಯೊಳಗೆ ಸೇರಿದವನಿಗೆ ಭದ್ರತೆಯುಂಟು, ಬಡ್ತಿಯ ಆಸೆಯುಂಟು, ಹಕ್ಕನ್ನು ಕೇಳುವ ಧೈರ್ಯವುಂಟು. ಹೊರಗಿನವನಿಗೆ ಒಳಗೆ ಹೋಗುವುದೊಂದೇ ಚಿಂತೆ. ಒಳಗೆ ಹೋಗಲು ವಿದ್ಯೆಯೂ ಬೇಕು, ಒಳಗಿರುವ ಬಂಧುವಿನ ಮಾತೂ ಬೇಕು. ನಮ್ಮ ಮನೆಯ ಹಿರಿಯರು ಒಂದೇ ಪ್ರಶ್ನೆಯಲ್ಲಿ ಕೇಳಿಬಿಡುವುದನ್ನು ಈ ಗ್ರಂಥವು ಶಾಸ್ತ್ರೀಯವಾಗಿ ನಿರೂಪಿಸಿತೆನ್ನಬಹುದು. ಕಾಕತಾಳೀಯವೆಂಬಂತೆ ಅದೇ 1976ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆಗೆ ತಿದ್ದುಪಡಿಯಾಗಿ, 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಾರ್ಮಿಕರನ್ನು ಕಡಿತಗೊಳಿಸಲು ಸರ್ಕಾರದ ಪೂರ್ವಾನುಮತಿ ಅವಶ್ಯವಾಯಿತು. 1982ರ ತಿದ್ದುಪಡಿಯು ಆ ಸಂಖ್ಯೆಯನ್ನು 100ಕ್ಕೆ ಇಳಿಸಿತು. ಕೋಟೆಯ ಗೋಡೆ ಮತ್ತಷ್ಟು ಎತ್ತರವಾಯಿತು.

ಹೆಸರು ತಂದುಕೊಟ್ಟ ಸಿದ್ಧಾಂತವನ್ನು ಕೊನೆಯವರೆಗೂ ಸಮರ್ಥಿಸುತ್ತ ಕುಳಿತುಕೊಳ್ಳುವುದು ವಿದ್ವಾಂಸರಲ್ಲಿ ಸಾಮಾನ್ಯ. ಹೋಮ್‌ಸ್ಟ್ರಾಮ್ ಅವರು ಹಾಗೆ ಮಾಡಲಿಲ್ಲ. ಅವರು ಮತ್ತೆ ಭಾರತಕ್ಕೆ ಬಂದು ಮುಂಬಯಿಯ ಕಾರ್ಮಿಕರನ್ನೂ ಕಂಡು, ಸಣ್ಣ ವರ್ಕ್‌ಶಾಪುಗಳನ್ನೂ ದಿನಗೂಲಿಯವರನ್ನೂ ಗಮನಿಸಿದರು. 1984ರಲ್ಲಿ ‘ಇಂಡಸ್ಟ್ರಿ ಅಂಡ್ ಇನ್‌ಈಕ್ವಾಲಿಟಿ’ ಎಂಬ ಎರಡನೆಯ ಗ್ರಂಥ ಹೊರಬಂದಾಗ, ಕೋಟೆಯ ಉಪಮೆಯನ್ನು ಅವರೇ ಕೈಬಿಟ್ಟಿದ್ದರು. ಒಳಗಿನವರು, ಹೊರಗಿನವರು ಎಂದು ಕಾರ್ಮಿಕ ಲೋಕವನ್ನು ಎರಡಾಗಿ ಸೀಳಲಾಗದು. ಅದು ಬೆಟ್ಟದ ಇಳಿಜಾರಿನಂತೆ ಮೆಟ್ಟಿಲುಮೆಟ್ಟಿಲಾಗಿದೆ ಎಂಬುದು ಅವರ ಹೊಸ ನಿಲುವು.

ಕುದೂರಿನವರಿಗೆ ಈ ಎರಡು ಉಪಮೆಗಳನ್ನು ವಿವರಿಸಬೇಕಾಗಿಯೇ ಇಲ್ಲ. ಊರಿನ ಬಳಿಯೇ ಇರುವ ಭೈರವನದುರ್ಗದಲ್ಲಿ ಎರಡೂ ಇವೆ. ಮೇಲೆ ಕೆಂಪೇಗೌಡರ ಹೆಸರಿನೊಂದಿಗೆ ಸೇರಿಬಂದಿರುವ ಕೋಟೆಯ ಗೋಡೆ. ಅದರ ಕೆಳಗೆಲ್ಲ ಬಂಡೆಯ ಇಳಿಜಾರು. ಕೋಟೆಯನ್ನು ಮಾತ್ರ ನೋಡುವವನಿಗೆ ಒಳಗು ಮತ್ತು ಹೊರಗು ಎಂಬ ಎರಡೇ ಕಾಣುತ್ತವೆ. ಬೆಟ್ಟವನ್ನು ನೋಡುವವನಿಗೆ, ಒಬ್ಬೊಬ್ಬರು ಒಂದೊಂದು ಎತ್ತರದಲ್ಲಿ ನಿಂತಿರುವುದು ಕಾಣುತ್ತದೆ. ಖಾಯಂ ನೌಕರನೊಬ್ಬ ಮೇಲಿದ್ದರೆ, ಹೆಚ್ಚು ಕಲಿತ ಟರ್ನರ್ ಅಥವಾ ವೆಲ್ಡರ್ ಸಣ್ಣ ವರ್ಕ್‌ಶಾಪಿನಲ್ಲಿದ್ದರೂ ಅವನ ಸಮೀಪದಲ್ಲಿರಬಹುದು. ಅದಕ್ಕೂ ಕೆಳಗೆ ಅಪ್ರೆಂಟಿಸ್, ಟ್ರೈನಿ, ಗುತ್ತಿಗೆಯವನು, ದಿನಗೂಲಿಯವನು. ಇವರೆಲ್ಲ ಬೇರೆಬೇರೆ ಜನಾಂಗದವರಲ್ಲ; ಎಷ್ಟೋ ವೇಳೆ ಒಂದೇ ಮನೆಯ ಅಣ್ಣತಮ್ಮಂದಿರು. ಅಣ್ಣ ಖಾಯಂ, ತಮ್ಮ ಗುತ್ತಿಗೆ, ತಂಗಿ ಗಾರ್ಮೆಂಟ್ಸ್, ತಂದೆ ಹೊಲದಲ್ಲಿ. ಸಂಬಳದ ದಿನ ಹಣ ಬಂದು ಸೇರುವುದು ಒಂದೇ ಒಲೆಗೆ. ಮನೆಯ ಮೂಲಕ ವಿಷಯವನ್ನು ಪ್ರವೇಶಿಸಿದವರಿಗಲ್ಲದೆ ಈ ಸತ್ಯ ಬೇಗ ಗೋಚರವಾಗದು.

ಹಾಗಾದರೆ ಯಾವ ಉಪಮೆ ಸರಿ? ಈ ಚರ್ಚೆ ಮುಗಿದಿಲ್ಲ. ಛತ್ತೀಸಗಢದ ಭಿಲಾಯಿ ಉಕ್ಕಿನ ಕಾರ್ಖಾನೆಯನ್ನು ದೀರ್ಘಕಾಲ ಅಭ್ಯಸಿಸಿದ ಜೊನಾಥನ್ ಪ್ಯಾರಿ ಎಂಬ ಇನ್ನೊಬ್ಬ ಮಾನವಶಾಸ್ತ್ರಜ್ಞರು, ಅಲ್ಲಿನ ಮಟ್ಟಿಗೆ ಹೋಮ್‌ಸ್ಟ್ರಾಮ್ ಅವರ ಮೊದಲಿನ ಮಾತೇ ವಾಸ್ತವಕ್ಕೆ ಹೆಚ್ಚು ಹತ್ತಿರವೆಂದು ವಾದಿಸಿದ್ದಾರೆ. ಸರ್ಕಾರಿ ಕಾರ್ಖಾನೆಯ ಖಾಯಂ ನೌಕರನಿಗೂ ಅದೇ ಕಾರ್ಖಾನೆಯ ಗುತ್ತಿಗೆ ಕೂಲಿಗೂ ನಡುವೆ ಸಂಬಳದಲ್ಲಿ ಮಾತ್ರವಲ್ಲದೆ ಬದುಕಿನ ರೀತಿಯಲ್ಲಿಯೇ ಅಂತರ ಬೆಳೆದಿದೆ ಎಂಬುದು ಅವರ ಅಭಿಪ್ರಾಯ. ಇಳಿಜಾರು ಕಡಿದಾದಷ್ಟೂ ಅದು ಗೋಡೆಯಂತೆಯೇ ಆಗುತ್ತದೆಯೆಂದು ನಾವು ಇದನ್ನು ಅರ್ಥಮಾಡಿಕೊಳ್ಳುತ್ತೇವೆ.

ನಮ್ಮ ಸೀಮೆಯ ಅನುಭವ ಏನನ್ನು ಹೇಳುತ್ತದೆ? ಕೋಟೆಯೊಳಗಿನವರ ಸಂಘಶಕ್ತಿಗೆ 1980ರ ಡಿಸೆಂಬರಿನಲ್ಲಿ ಆರಂಭವಾಗಿ 77 ದಿನಗಳ ಕಾಲ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರವೇ ಸಾಕ್ಷಿ. ಆದರೆ ಕೋಟೆಗಳೂ ಶಾಶ್ವತವಲ್ಲ. ಮದುವೆಯಲ್ಲಿ ವರನಿಗೆ ಕಟ್ಟುತ್ತಿದ್ದ ಎಚ್.ಎಂ.ಟಿ. ಗಡಿಯಾರವನ್ನು ತಯಾರಿಸಿದ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಬಲವಾದ ಸಂಘವೊಂದರ ಆಸರೆಯಿಲ್ಲದ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಎರಡೇ ದಿನಗಳಲ್ಲಿ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಇಳಿಜಾರಿನ ಕೆಳಗಿನ ಮೆಟ್ಟಿಲಲ್ಲಿದ್ದವರಿಗೂ ಕಾಪಾಡಿಕೊಳ್ಳಬೇಕಾದ ಹಕ್ಕೊಂದಿತ್ತು. ಅದು ತಮ್ಮದೆಂಬ ಅರಿವೂ ಇತ್ತು.

ಖಾಯಂ ಆದೊಡನೆ ಎಲ್ಲವೂ ಸುಸೂತ್ರವೆಂಬ ಭಾವನೆಯೂ ಸರಿಯಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಆರಂಭವಾದ ಮುಷ್ಕರ ಹಾಗೂ ಬೀಗಮುದ್ರೆಯ ವಿವಾದವು ಮರುವರ್ಷದ ಮಾರ್ಚಿಗೆ ಶಮನವಾಯಿತು. ಅಲ್ಲಿ ಮುಖ್ಯವಾಗಿ ಎದ್ದ ಪ್ರಶ್ನೆಗಳು ಕೆಲಸದ ಹೊರೆ ಮತ್ತು ಶಿಸ್ತುಕ್ರಮಕ್ಕೆ ಸೇರಿದವು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ದೊಡ್ಡ ಕಂಪನಿಯ ನೌಕರಿಗೂ ಅನ್ವಯಿಸುತ್ತದೆ.

ಹೋಮ್‌ಸ್ಟ್ರಾಮ್ ಅವರ ವಿದ್ಯಾಜೀವನ ಇಲ್ಲಿಗೇ ನಿಲ್ಲಲಿಲ್ಲ. ಅಸಮಾನತೆಯನ್ನು ಗುರುತಿಸಿದ ಮೇಲೆ, ಕಾರ್ಮಿಕರೇ ಉದ್ದಿಮೆಯ ಒಡೆಯರಾಗಬಲ್ಲರೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಇಟಲಿಯ ಕಾರ್ಮಿಕ ಸಹಕಾರ ಸಂಘಗಳನ್ನು ಕುರಿತು 1989ರಲ್ಲಿ, ಸ್ಪೇನ್ ದೇಶದ ಅಂತಹ ಪ್ರಯತ್ನಗಳನ್ನು ಕುರಿತು 1993ರಲ್ಲಿ ಗ್ರಂಥಗಳನ್ನು ರಚಿಸಿದರು. ಆಮೇಲೆ ಮತ್ತೆ ಬೆಂಗಳೂರಿನ ಕಡೆಗೇ ತಿರುಗಿ, ಇಲ್ಲಿನ ಸಣ್ಣ ಕೈಗಾರಿಕೆಗಳು ಪರಸ್ಪರ ಕೂಡಿಕೊಂಡು ಬೆಳೆಯಬಲ್ಲವೇ ಎಂಬುದನ್ನು ಪರಿಶೀಲಿಸಿ 1994ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಹಕಾರ ಸಂಘವನ್ನು ಕಟ್ಟಿದ ನಾಡು ನಮ್ಮದು. ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ಗೃಹಿಣಿಯರಿಗೆ, ದುಡಿಯುವವರೇ ಒಡೆಯರಾಗುವುದೆಂದರೇನೆಂಬುದನ್ನು ಪರದೇಶದವರು ಹೇಳಿಕೊಡಬೇಕಾಗಿಲ್ಲ.

ಇಂದು ಕಾನೂನಿನ ಸ್ವರೂಪವೇ ಬದಲಾಗಿದೆ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯೇ ಮೊದಲಾದ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಪೂರ್ವಾನುಮತಿಯ ಮಿತಿ ಮತ್ತೆ 300 ಕಾರ್ಮಿಕರಿಗೆ ಏರಿದೆ. ನಿಶ್ಚಿತ ಅವಧಿಯ ನೇಮಕಕ್ಕೆ ಸ್ಪಷ್ಟ ಮಾನ್ಯತೆ ದೊರೆತಿದೆ. ಅಂತಹ ನೌಕರನಿಗೆ ಒಂದು ವರ್ಷದ ಸೇವೆಯ ಮೇಲೆ ಗ್ರಾಚ್ಯುಯಿಟಿಯ ಹಕ್ಕೂ ಉಂಟು. ನೇಮಕಾತಿ ಪತ್ರ ಕೊಡಬೇಕೆಂಬ ವಿಧಿಯೂ ಇದೆ. ಆದುದರಿಂದ ‘ಖಾಯಮ್ಮೋ, ಗುತ್ತಿಗೆಯೋ’ ಎಂಬ ಎರಡೇ ಉತ್ತರಗಳ ಪ್ರಶ್ನೆ ಮುಂದಿನ ಪೀಳಿಗೆಗೆ ಸಾಲದು.

ನಮ್ಮ ಮನೆಗಳ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಕಾರ್ಖಾನೆಗೆ ಹೋಗುವ ಮಗನನ್ನೋ ಮಗಳನ್ನೋ ಕೂಡಿಸಿಕೊಂಡು ಇನ್ನೂ ನಾಲ್ಕು ಮಾತು ಕೇಳಿರಿ. ನೇಮಕಾತಿ ಪತ್ರ ಕೈಗೆ ಬಂದಿದೆಯೇ? ಭವಿಷ್ಯನಿಧಿಯ ಸಂಖ್ಯೆ ಇದೆಯೇ, ಅದರಲ್ಲಿ ಪ್ರತಿ ತಿಂಗಳೂ ಹಣ ಜಮೆಯಾಗುತ್ತಿದೆಯೇ? ಇ.ಎಸ್.ಐ. ಸೌಲಭ್ಯಕ್ಕೆ ಅರ್ಹರಾಗಿದ್ದರೆ ಅದರಲ್ಲಿ ಹೆಸರು ನೋಂದಣಿಯಾಗಿದೆಯೇ? ಈ ಕೆಲಸ ನಾಳೆ ಹೋದರೆ ಬೇರೆಡೆ ಅನ್ನ ಕೊಡಬಲ್ಲ ಯಾವ ವಿದ್ಯೆಯನ್ನು ಅಲ್ಲಿ ಕಲಿಯುತ್ತಿರುವೆ? ಈ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರವುಳ್ಳ ಗುತ್ತಿಗೆಯ ಹುಡುಗನೊಬ್ಬ ನಿಮ್ಮ ಮನೆಯ ಬಾಗಿಲಿಗೆ ಸಂಬಂಧ ಕೇಳಿ ಬಂದರೆ, ಮೊದಲ ಮಾತಿನಲ್ಲಿಯೇ ಅವನನ್ನು ಹಿಂದಿರುಗಿಸಬೇಡಿರಿ. ಎಂಟು ವರ್ಷಗಳಲ್ಲಿ ತಮ್ಮ ಗ್ರಂಥದ ಮುಖ್ಯ ಮಾತನ್ನೇ ತಿದ್ದಿಕೊಂಡ ಆ ವಿದ್ವಾಂಸರಷ್ಟು ವಿವೇಕ, ಮಕ್ಕಳ ಬಾಳನ್ನು ನಿರ್ಧರಿಸುವ ನಮ್ಮ ನಡುಮನೆಗಳಲ್ಲಿಯೂ ಇರಲಿ.